ಪಿಕಪ್ಪಿಗೆ ಪಣ ಇಟ್ಟ ಮೀಸೆ

ಸೊಲ್ಲಾಪುರದ ಎಸ್.ಟಿ. ಸ್ಟ್ಯಾಂಡಿನ ಹಿಂದೆ ಗಾಡಿಗಳ ವೈರಿಂಗ್ ರಿಪೇರಿ ಮಾಡುತ್ತಿದ್ದ ಸಾಯಬಣ್ಣನ ಬಾಯಿ ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುವುದಕ್ಕೆ ಅವನೇ ಸಾಕ್ಷಿ. ಕೆಲಸವಿಲ್ಲದ ದಿನವೂ ಅವನ ಅಂಗಡಿಯ ಮುಂದೆ ಕಥೆ ಕೇಳುವವರು ಕೂತಿರುತ್ತಿದ್ದರು. ಭೀಮಾ ನದಿಯಲ್ಲಿ ಮೊಸಳೆಯ ಬಾಲ ಹಿಡಿದು ದಂಡೆಗೆ ಎಳೆದೆ ಎನ್ನುತ್ತಿದ್ದ. ಹೆಂಡತಿ ರತ್ನಾಬಾಯಿ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದಳು. ಆದರೆ ಕರೆಂಟಿನ ವಿಷಯಕ್ಕೆ ಬಂದರೆ ಅವನ ಬಾಯಲ್ಲಿ ಸುಳ್ಳು ಬರುತ್ತಿರಲಿಲ್ಲ. ಚೆನ್ನಾಗಿರುವ ವೈರನ್ನು ಕೆಟ್ಟಿದೆ ಎಂದವನೇ ಅಲ್ಲ. "ವೈರ್ ಖರೇ ಮಾತಾಡ್ತೈತಿ, ಅದರ ಮುಂದ ನಾ ಹ್ಯಾಂಗ ಸುಳ್ಳ ಹೇಳ್ಲಿ?" ಎನ್ನುತ್ತಿದ್ದ. ಇದೊಂದು ಗುಣಕ್ಕೆ ಅವನ ಮೊಸಳೆಗಳನ್ನೆಲ್ಲ ಮಾಫಿ ಮಾಡಬಹುದು.

ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ಕರಜಗಿಯ ಕಲ್ಲಣ್ಣನ ಪಿಕಪ್ ಅವನಿಗೆ ಗಂಟುಬಿತ್ತು. ಹೊಲದ ಮೆಂತ್ಯ, ಬದನೆಕಾಯಿ ಅಕ್ಕಲಕೋಟ ಪೇಟೆಗೆ ಒಯ್ಯಲು ಕಲ್ಲಣ್ಣ ಕೊಂಡಿದ್ದ ಹಳೆಯ ಗಾಡಿ ಅದು. ಸಂಜೆ ನಿಲ್ಲಿಸಿದರೆ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತಿತ್ತು. ಊರವರು ಸೇರಿ ನೂಕಬೇಕು. ಕಲ್ಲಣ್ಣನ ಅಪ್ಪ ಮಲಕಾಜಪ್ಪ ಕಟ್ಟೆಯ ಮೇಲೆ ಕೂತು, "ಎತ್ತಿಗಿ ಬ್ಯಾಟರಿ ಇರಂಗಿಲ್ಲ ನೋಡ್ರಿ" ಎಂದು ಹೋಗುವವರಿಗೆ ಬರುವವರಿಗೆ ಹೇಳಿ ನಗುತ್ತಿದ್ದ.

ಸಾಯಬಣ್ಣ ಬ್ಯಾಟರಿಯ ಒಂದು ವೈರು ಬಿಚ್ಚಿ ನಡುವೆ ಸಣ್ಣ ಬಲ್ಬು ಕೂಡಿಸಿದ. ಗಾಡಿ ಬಂದ್ ಆಗಿದ್ದರೂ ಎಲ್ಲಾದರೂ ಕರೆಂಟು ಸೋರುತ್ತಿದ್ದರೆ ಬಲ್ಬು ಹತ್ತಬೇಕು. ಹತ್ತಲಿಲ್ಲ. ಡೈನಮೋ ಬಿಚ್ಚಿದ, ಹಾರ್ನು ಬಿಚ್ಚಿದ, ಬೇರೆ ಬ್ಯಾಟರಿ ಹಾಕಿ ನೋಡಿದ. ಅವನ ಅಂಗಡಿಯಲ್ಲಿ ರಾತ್ರಿ ಕಳೆದ ಗಾಡಿ ಬೆಳಿಗ್ಗೆ ಒಂದೇ ಸಲಕ್ಕೆ ಎದ್ದಿತು. ಕರಜಗಿಗೆ ಹೋದದ್ದೇ ಮತ್ತೆ ಅದೇ ಹಾಡು. ಕೊನೆಗೆ ಕಲ್ಲಣ್ಣ ಸಿಟ್ಟಿಗೆದ್ದು, "ಅಮಾಸಿ ಒಳಗ ಗಾಡಿ ಮಾರಿ ಕೈ ತೊಳ್ಕೋತೀನಿ" ಎಂದ. ಅಂಗಡಿಯ ಮುಂದೆ ಜನ ಬೇರೆ ಕೂತಿದ್ದರು. ಸಾಯಬಣ್ಣನ ಬಾಯಿ ಸುಮ್ಮನಿದ್ದೀತೇ?

"ನಿಮ್ಮ ಮನಿಗೇ ಬರ್ತೀನಿ. ದೋಷ ಕೈಯಾಗ ಹಿಡದ ತೋರಿಸ್ತೀನಿ. ಇಲ್ಲಾಂದ್ರ ನಿಮ್ಮ ಅಂಗಳದಾಗ ಕುಂತು ಮೀಸಿ ಬೋಳಿಸ್ಕೋತೀನಿ!"

ಅವನು ಹತ್ತಿದ ಬಸ್ಸಿಗಿಂತ ಮೊದಲೇ ಈ ಮಾತು ಕರಜಗಿ ಮುಟ್ಟಿತ್ತು. ಸಂಜೆ ಇಳಿದಾಗ ಮೀಸೆಯನ್ನು ಕಡೆಯ ಸಲ ನೋಡುವವರಂತೆ ಜನ ನೋಡಿದರು. ಅಂಗಳದಲ್ಲಿ ಕಲ್ಲಣ್ಣನ ಸಣ್ಣ ಮಗಳು ಆಡುತ್ತಿದ್ದಳು. ಅವನ ಹೆಂಡತಿ ಗುರುಬಾಯಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಸಾಯಬಣ್ಣ ಉಂಡು ಕಟ್ಟೆಯ ಮೇಲೆ ಚಾದರ ಹೊದ್ದು ಮಲಗಿದ.

ಬೆಳಕು ಹರಿಯುವಾಗ ಎದ್ದು ಗಾಡಿಯ ಹಿಂದೆ ಹೋದ. ಗಾಡಿ ಕೊಟ್ಟಿಗೆಯ ಗೋಡೆಗೆ ಬೆನ್ನು ಮಾಡಿ ನಿಂತಿತ್ತು, ಅದರ ಹಿಂಬದಿ ಅಂಗಳಕ್ಕೆ ಕಾಣುತ್ತಿರಲಿಲ್ಲ. ಹಿಂದಿನ ದೀಪದ ಕೆಳಗೆ ಸತ್ತ ದೀಪದ ಹುಳುಗಳ ರಾಶಿ, ಇರುವೆಗಳು ಎಳೆದೊಯ್ಯುತ್ತಿದ್ದವು. ಸಾಯಬಣ್ಣ ಕೆಂಪು ಗಾಜಿನ ಮೇಲೆ ಕೈಯಿಟ್ಟ. ಗಾಡಿಯೆಲ್ಲ ಮಂಜಿನಂತೆ ತಣ್ಣಗಿದ್ದರೆ ಗಾಜು ಮಾತ್ರ ಬೆಚ್ಚಗಿತ್ತು. ಬ್ರೇಕಿನ ದೀಪ! ಕೀಲಿ ತೆಗೆದಿದ್ದರೂ ಬ್ರೇಕು ಒತ್ತಿದರೆ ಅದು ಉರಿಯುತ್ತದೆ. ರಾತ್ರಿಯೆಲ್ಲ ಒತ್ತಿದವರು ಯಾರು? ಅಷ್ಟರಲ್ಲಿ ಕ್ಯಾಬಿನ್ನಿನಿಂದ ಮಲಕಾಜಪ್ಪ ಮೆಲ್ಲಗೆ ಇಳಿದ. ಕಂಬಳಿಯೊಳಗೆ ಎತ್ತಿನ ಚಕ್ಕಡಿಯ ಹಳೆಯ ಗೂಟವಿತ್ತು.

ಮುದುಕನ ಮುಖ ಬಿಳಿಚಿತು. "ಅಂಗಳ ಬಾವಿ ಕಡಿ ಇಳಿಜಾರ ಐತೆಪಾ. ಗಾಲಿಗಿ ಕಲ್ಲ ಕೊಟ್ಟೆ. ಇದೇನ್ ಚಕ್ಕಡಿ ಏನು ಅಂತ ಮಗ ನಕ್ಕು ಒಗದಾ. ಬ್ರೇಕ ಒತ್ತಿದ್ರ ನಿಲ್ತೈತಿ ಅಂತ ಅವನೇ ಅಂದಿದ್ದ. ದಿನಾ ಅವ ಮಲಗಿದ ಮ್ಯಾಲ ಸೀಟಿಗಿ ಆನಿಸಿ ಬ್ರೇಕಿಗಿ ಗೂಟ ಕೊಟ್ಟು ಒತ್ತಿಡ್ತೀನಿ, ಅವ ಏಳೂದ್ರೊಳಗ ತಗೀತೀನಿ."

"ಅದೇ ಬ್ಯಾಟರಿ ತಿನ್ನಾಕತ್ತೈತ್ರಿ ಯಜಮಾನ್ರ!"

ಮಲಕಾಜಪ್ಪ ಅವನ ಕೈ ಹಿಡಿದುಕೊಂಡ. "ಹೇಳಬ್ಯಾಡೋ. ಗಾಡಿ ಬ್ಯಾಡ ಅಂತ ಊರ ತುಂಬ ಅಂದೀನಿ. ಬೇಕಂತ ಮಾಡ್ಯಾನ ಅಂತ ತಿಳೀತಾನ ಮಗ. ಇನ್ನ ಗೂಟ ಇಡಂಗಿಲ್ಲ."

ಸಾಯಬಣ್ಣ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಬಿಸಿಲು ಏರುವ ಹೊತ್ತಿಗೆ ಅಂಗಳದ ತುಂಬ ಜನ. ಕಲ್ಲಣ್ಣ ಕೀಲಿ ತಿರುವಿದ; ಗಾಡಿ ಗಪ್ಪ.

"ಇವತ್ತಿನಿಂದ ಬ್ಯಾಟರಿ ಇಳಿಯಂಗಿಲ್ಲ, ಖರೇ" ಎಂದ ಸಾಯಬಣ್ಣ.

"ದೋಷ ತೋರ್ಸು."

ಯಾವುದೋ ವೈರು ಮುಟ್ಟಿ ಇದೇ ಎಂದಿದ್ದರೆ ಮುಗಿದಿತ್ತು. ಮೊಸಳೆ ಎಳೆದ ನಾಲಿಗೆಗೆ ಅದೇನು ಮಹಾ? ಆದರೆ ವೈರಿನ ಮುಂದೆ ನಾಲಿಗೆ ಏಳಲಿಲ್ಲ. ಮೀಸೆಯ ಮೇಲೊಮ್ಮೆ ಕೈಯಾಡಿಸಿ, "ತೋರ್ಸಂಗಿಲ್ಲ. ನಿಮ್ಮೂರ ನಾವಿಂದನ್ನ ಕರೀರಿ" ಎಂದ.

ನಾವಿಂದ ಹಣಮಂತಪ್ಪ ಕರೆಯುವುದನ್ನೇ ಕಾಯುತ್ತಿದ್ದ. ನೊರೆ ಹಚ್ಚಿ ಕತ್ತಿ ಎಳೆದ. ಅರ್ಧ ಮೀಸೆ ನೆಲಕ್ಕೆ ಬಿತ್ತು. ಜನ ಹೋ ಎಂದು ನಕ್ಕರು.

"ಏ, ನಿಲ್ಸೋ!" ಮಲಕಾಜಪ್ಪ ಎದ್ದು ಗೂಟವನ್ನು ಅಂಗಳದ ನಡುವೆ ಎಸೆದ. ತಾನು ಮಾಡಿದ್ದನ್ನೆಲ್ಲ ಹೇಳಿದ. 

ಕಲ್ಲಣ್ಣ ಗೂಟ ನೋಡಿದ. "ಬ್ಯಾಡಾದ ಗಾಡಿನ ಇಷ್ಟ ಚಳ್ಯಾಗ ಯಾಕ ಕಾದಿ ಅಪ್ಪಾ?"

"ಗಾಡಿ ಹಾಳಾಗಿ ಹೋಗ್ಲಿ! ಅದರ ಮುಂದ ನಿನ್ನ ಮಗಳು ಆಡ್ತಾಳಲ್ಲೋ."

ಕಲ್ಲಣ್ಣ ಬಾವಿಯ ಹತ್ತಿರ ಹೋಗಿ, ತಾನೇ ಎಸೆದಿದ್ದ ಕಲ್ಲನ್ನು ಹೊತ್ತು ತಂದು ಗಾಲಿಗೆ ಕೊಟ್ಟ. ಹಣಮಂತಪ್ಪ ಕತ್ತಿ ಹಿಡಿದು ಇನ್ನೂ ನಿಂತೇ ಇದ್ದ.

"ಅರ್ಧ ಮೀಸಿ ಇಟ್ಕೊಂಡು ಸೊಲ್ಲಾಪುರಕ್ಕ ಹ್ಯಾಂಗ ಹೋಗ್ಲಿ ಮಾರಾಯಾ? ಅದನ್ನೂ ತಗಿ" ಎಂದ ಸಾಯಬಣ್ಣ.

ಮುಂದೆ ಪಿಕಪ್ ಒಂದು ದಿನವೂ ಹಟ ಮಾಡಲಿಲ್ಲ. ಅಮಾವಾಸ್ಯೆ ಕಳೆದ ಮೇಲೆ ಅಪ್ಪ, ಮಗ ಬದನೆಕಾಯಿ ಚೀಲ ಕೊಡಲು ಸಾಯಬಣ್ಣನ ಅಂಗಡಿಗೆ ಬಂದರು. ಗಾಡಿ ನಿಂತ ಕೂಡಲೇ ಮುದುಕ ಇಳಿದು ಗಾಲಿಗೆ ಕಲ್ಲು ಕೊಟ್ಟ. ಅಂಗಡಿಯ ಮುಂದೆ ಎಂದಿನಂತೆ ಜನ ಕೂತಿದ್ದರು. ಮೀಸೆ ಎಲ್ಲಿ ಹೋಯಿತೆಂದು ಅವರು ಬೇಕೆಂದೇ ಕೆಣಕುತ್ತಿದ್ದರು, ಭೀಮೆಯ ಮೊಸಳೆ ಕಿತ್ತುಕೊಂಡು ಹೋಯಿತೆಂದು ಸಾಯಬಣ್ಣ ಹೇಳುತ್ತಿದ್ದ. ಯಾರೂ ನಂಬಲಿಲ್ಲ.

"ಯಾಕ ನಗ್ತೀರಿ?" ಎಂದು ಮಲಕಾಜಪ್ಪ ಗುಡುಗಿದ. "ಖರೇ ಐತಿ. ನಾ ಅಲ್ಲೇ ಇದ್ದೆ, ಕಣ್ಣಾರೆ ನೋಡೀನಿ."