ಬಾಗಿಲು ಹಾಕಿಕೊಂಡ ಮದುಮಗಳ ತಾಯಿ

ಮಧ್ಯಾಹ್ನದ ಮಳೆ ಹೊಯ್ದು ನಿಂತಿದ್ದರೂ ಬೆಲೆಮ್ ಊರಿನ ಸೆಕೆ ಇಳಿದಿರಲಿಲ್ಲ. ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿನ ಪಕ್ಕದ ಛತ್ರದಲ್ಲಿ ಮದುವೆಗೆ ಇನ್ನೂರು ಜನ ಬಂದು ಕೂತಾಗಿತ್ತು. ಗಂಡಸರು ಕೋಟಿನೊಳಗೆ ಬೇಯುತ್ತಿದ್ದರು, ಹೆಂಗಸರು ಬೀಸಣಿಗೆ ಆಡಿಸುತ್ತ ಬಾಗಿಲ ಕಡೆ ನೋಡುತ್ತಿದ್ದರು. ಸಿಮಿ ಅಸಂಕೋತ್ ಮಾತ್ರ ಅಡುಗೆಮನೆಯಲ್ಲಿದ್ದಳು. ಪಿರರುಕು ಮೀನಿನ ತಟ್ಟೆಗಳನ್ನು ಇನ್ನೊಮ್ಮೆ ನೋಡಿ ಬರುತ್ತೇನೆಂದು ಹೋದವಳು, ನಿಜಕ್ಕೂ ಅಲ್ಲಿ ಉಸಿರು ತಿರುಗಿಸಿಕೊಳ್ಳುತ್ತಿದ್ದಳು. ಮುಂದಿನ ಸಾಲಿನಲ್ಲಿ ಕೆನೆಬಣ್ಣದ ಸೂಟು ತೊಟ್ಟು, ಅವಳು ಬಿಟ್ಟುಬಂದ ಗಂಡ ಜಾಕೋ ಕೂತಿದ್ದ. ಆರು ವರ್ಷದ ಮೇಲೆ ಅವನಿಗೆ ಮುಖಾಮುಖಿಯಾಗಬೇಕಾಗಿ ಬಂದದ್ದು ಅಂದೇ ಮೊದಲು.

ತಂಗಿ ಮೆಸ್ಸೋಡಿ ಅವಸರದಲ್ಲಿ ಒಳಗೆ ಬಂದಳು.

"ಅಕ್ಕಾ, ಸ್ವಲ್ಪ ಬಾ. ಪೆರ್ಲಾ ಮದುಮಗಳ ಕೋಣೆಗೆ ಒಳಗಿಂದ ಚಿಲಕ ಹಾಕ್ಕೊಂಡಿದಾಳೆ."

"ಮುಡಿ ಸರಿಮಾಡ್ಕೊಳ್ತಿರಬೇಕು ಬಿಡು."

"ಮುಡಿ ಗಿಡಿ ಎಲ್ಲ ಆಗಿದೆ. ಅಪ್ಪ ಅಮ್ಮಂಗೆ ಬಿಡುಗಡೆ ಪತ್ರ ಕೊಡೋವರೆಗೂ ನಾನು ಮದುವೆ ಮೇಲ್ಕಟ್ಟಿನ ಕೆಳಗೆ ಬರಲ್ಲ ಅಂತ ರಬ್ಬಿಗಳಿಗೇ ಹೇಳಿ ಕಳಿಸಿದಾಳೆ. ಹೊರಗೆ ಎಲ್ಲರಿಗೂ ಗೊತ್ತಾಗಿದೆ."

ಸಿಮಿ ಕೈಲಿದ್ದ ಬಟ್ಟೆಯನ್ನು ಮಡಿಸಿದಳು, ಮತ್ತೆ ಬಿಚ್ಚಿದಳು.

ಅವಳಿಗಾಗ ನಲವತ್ತೆಂಟು. ಬೆಳಗಾದರೆ ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ತುಂಬಿಕೊಂಡು ಊರಿನ ಅರ್ಧ ಬೀದಿಗಳನ್ನು ಸುತ್ತುವವಳು. ಮಕ್ಕಳ ಬಾಯಲ್ಲಿ ಅವಳು ಸಿಮಿ ಚಿಕ್ಕಮ್ಮ. ಇಪ್ಪತ್ತೊಂದಕ್ಕೆ ಸಾಂತರೆಮಿನ ಜಾಕೋ ಬೆನರೋಸನನ್ನು ಮದುವೆಯಾಗಿದ್ದಳು. ನದಿಯುದ್ದಕ್ಕೂ ದೋಣಿಯ ಇಂಜಿನು ಮಾರುವವನು, ಮಾತಿನಲ್ಲಿ ಸಕ್ಕರೆ. ಒಂದು ದಿನವೂ ಕೈ ಎತ್ತಿದವನಲ್ಲ. ಆದರೆ ಗೇಟಿನ ಬೀಗದ ಕೈ ಅವನ ಜೇಬಿನಲ್ಲಿರುತ್ತಿತ್ತು. ತವರಿಗೆ ಹೋಗಿ ಬಂದರೆ, ದೋಣಿಯಲ್ಲಿ ಯಾರ ಪಕ್ಕ ಕೂತಿದ್ದೆ, ಏನು ಮಾತಾಡಿದೆ ಎಂದು ಅತಿಥಿಗಳ ಎದುರೇ ನಗುನಗುತ್ತ ಕೇಳುತ್ತಿದ್ದ. ಅತಿಥಿಗಳೂ ನಗುತ್ತಿದ್ದರು. ಪೆರ್ಲಾ ದೊಡ್ಡವಳಾಗುತ್ತ ಅಪ್ಪ ಮನೆಗೆ ಬಂದ ಸದ್ದಿಗೆ ಮಾತು ನಿಲ್ಲಿಸುವುದನ್ನು ಕಲಿತಳು. ಅದನ್ನು ಕಂಡ ಮೇಲೆ ಸಿಮಿ ಮಗಳನ್ನು ಕರೆದುಕೊಂಡು ಬೆಲೆಮಿನ ದೋಣಿ ಹತ್ತಿದಳು.

ಕೋರ್ಟಿನ ವಿಚ್ಛೇದನ ವರ್ಷದೊಳಗೇ ಆಯಿತು. ಆದರೆ ಯಹೂದಿ ಮದುವೆಯ ಗಂಟನ್ನು ಕೋರ್ಟು ಬಿಚ್ಚಲಾರದು. ಗಂಡ ತನ್ನ ಸ್ವಂತ ಮನಸ್ಸಿನಿಂದ ಬಿಡುಗಡೆ ಪತ್ರ ಬರೆಸಿ ಹೆಂಡತಿಯ ಕೈಗೆ ಹಾಕಬೇಕು. ಹಾಕದಿದ್ದರೆ ಅವಳು ಸಾಯುವವರೆಗೂ ಅವನ ಹೆಂಡತಿಯೇ. "ಕೇಳಲಿ, ಕೊಡ್ತೀನಿ" ಎಂದ ಜಾಕೋ. ಕೇಳಿದಳು. "ಹೀಗೆ ಕೇಳೋದಾ?" ಎಂದ. ಪಾಸ್ಕದ ಹಬ್ಬ ಕಳೀಲಿ ಎಂದ, ಹೊಸವರ್ಷ ಕಳೀಲಿ ಎಂದ. ಔಷಧಿ ಅಂಗಡಿಯ ಅಬ್ರಾಂವ್, ಹೆಂಡತಿ ತೀರಿಕೊಂಡವನು, ಸಿಮಿಗಾಗಿ ಎರಡು ವರ್ಷ ಕಾದ. ಆಮೇಲೆ ತಲೆ ತಗ್ಗಿಸಿಕೊಂಡು ಬಂದು ಮನಾಸ್ ಊರಿನ ಒಬ್ಬಳನ್ನು ಒಪ್ಪಿಕೊಂಡೆ ಎಂದು ಹೇಳಿ ಹೋದ. ಅವನ ಮದುವೆಗೆ ಬಾದಾಮಿ ಮಿಠಾಯಿ ಮಾಡಿ ಕಳಿಸಿದವಳು ಸಿಮಿಯೇ.

ಸಿನಗಾಗಿನ ಧರ್ಮಗುರು ರಬ್ಬಿ ಸೆರ್ಫಾತಿ ಓಣಿಯಲ್ಲಿ ಕಾಯುತ್ತಿದ್ದರು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ದನಿ ತಗ್ಗಿಸಿದರು.

"ದೋನಾ ಸಿಮಿ, ಒಂದು ಮಾತು ನೇರವಾಗಿ ಕೇಳ್ತೀನಿ. ಮಗಳಿಗೆ ನೀವು ಹೇಳಿಕೊಟ್ರಾ?"

"ಇಲ್ಲ ರಬ್ಬಿಗಳೇ. ನನಗೆ ಈಗ ಗೊತ್ತಾಗಿದ್ದು."

"ಜಾಕೋ ಒಪ್ಪಿಕೊಂಡಿದಾರೆ."

ಸಿಮಿಗೆ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ರಬ್ಬಿಗಳೇ ಮುಂದುವರಿಸಿದರು.

"ಎಲ್ಲರ ಎದುರೇ ಎದ್ದು ನಿಂತು, ಕೊಡ್ತೀನಿ, ಬರೆಯೋರನ್ನ ಕರೀರಿ ಅಂದರು. ಸಾವೊ ಪೌಲೊದಿಂದ ಗಂಡಿನ ಕಡೆ ಇಬ್ಬರು ರಬ್ಬಿಗಳು ಬಂದಿದಾರಲ್ಲ, ಚಿಕ್ಕವರಿಗೆ ಪತ್ರ ಬರೆಯೋದು ಬರುತ್ತೆ. ಗರಿ ಲೇಖನಿ, ಮಸಿ ಎಲ್ಲ ಅವರ ಚೀಲದಲ್ಲೇ ಇದೆ. ಎರಡು ತಾಸಿನ ಕೆಲಸ."

ಎರಡು ತಾಸು. ಸಿಮಿ ಗೋಡೆಗೆ ಕೈ ಊರಿದಳು.

"ಆದರೆ ನಮ್ಮ ಮೂವರಲ್ಲೇ ಒಮ್ಮತ ಇಲ್ಲ" ಎಂದರು ರಬ್ಬಿಗಳು. "ಮನಸ್ಸಿಲ್ಲದೆ, ಕುತ್ತಿಗೆ ಹಿಡಿಸಿಕೊಂಡು ಕೊಟ್ಟ ಪತ್ರ ಪತ್ರವೇ ಅಲ್ಲ. ಯಾರೂ ಹೊಡೆದಿಲ್ಲ, ಬೈದಿಲ್ಲ, ಇದು ಬಲವಂತ ಹೇಗಾಗುತ್ತೆ ಅಂತಾರೆ ಚಿಕ್ಕವರು. ಮಗಳು ತನ್ನ ಮದುವೆಯನ್ನೇ ಒತ್ತೆ ಇಟ್ಟಿದಾಳೆ, ಬಲವಂತ ಅಲ್ಲದೆ ಇನ್ನೇನು ಅಂತಾರೆ ದೊಡ್ಡವರು. ನೀವು ಬೇಕು ಅಂದರೆ ನಾನು ಚಿಕ್ಕವರ ಕಡೆ ನಿಲ್ತೀನಿ. ಅನುಮಾನ ಇದ್ದೂ ನಿಲ್ತೀನಿ. ಆರು ವರ್ಷ ನಿಮ್ಮನ್ನ ನೋಡಿದೀನಿ."

ಬಾಗಿಲ ಸಂದಿಯಿಂದ ಛತ್ರ ಕಾಣುತ್ತಿತ್ತು. ಮದುಮಗ ರೂಬೆಮ್ ಬೆವರಿ ಅಂಗಿ ಮೈಗಂಟಿಸಿಕೊಂಡು ನಿಂತಿದ್ದ. ಅವನ ತಾಯಿ ದೋನಾ ಕ್ಲಾರಾ ಎಲ್ಲರಿಗೂ ಕೇಳುವಷ್ಟೇ ತಗ್ಗಿಸಿದ ದನಿಯಲ್ಲಿ, "ಇವರ ಮನೆ ರಂಪಕ್ಕೆ ನನ್ನ ಮಗನ ಮದುವೆಯೇ ಬೇಕಿತ್ತಾ" ಎನ್ನುತ್ತಿದ್ದಳು. ಸಿಮಿ ಅವಳನ್ನು ದಾಟಿ ಜಾಕೋನನ್ನು ನೋಡಿದಳು. ಅವನು ಕಾಲ ಮೇಲೆ ಕಾಲು ಹಾಕಿಕೊಂಡು, ಪಕ್ಕದವನ ಭುಜ ತಟ್ಟಿ ಏನೋ ಹೇಳುತ್ತಿದ್ದ. ಪಕ್ಕದವನು ಕನಿಕರದಿಂದ ತಲೆಯಾಡಿಸುತ್ತಿದ್ದ.

ಅವಳು ನೇರ ಅವನ ಬಳಿಗೆ ನಡೆದಳು. ಬೀಸಣಿಗೆಗಳು ನಿಂತವು.

"ಜಾಕೋ, ಒಂದು ನಿಮಿಷ ಆಚೆ ಬನ್ನಿ."

"ಇಲ್ಲೇ ಮಾತಾಡು ಸಿಮಿ. ನನ್ನ ಹತ್ರ ಮುಚ್ಚಿಡೋದು ಏನಿದೆ? ಕೊಡ್ತೀನಿ ಅಂದಾಗಿದೆಯಲ್ಲ." ಅವನ ದನಿ ಮೃದುವಾಗಿತ್ತು. "ಮಗಳ ಮದುವೆ ನಿಲ್ಲುತ್ತೆ ಅಂದರೆ ಯಾವ ಅಪ್ಪ ತಾನೆ ತಲೆ ಬಗ್ಗಿಸಲ್ಲ? ಬೇರೆ ದಾರಿ ಏನಿಟ್ಟಿದೀರಿ ನನಗೆ? ಎಲ್ಲರೂ ಕೇಳಿಸ್ಕೊಂಡಿದಾರೆ."

ಕೊನೆಯ ಮಾತನ್ನು ಅವನು ಒತ್ತಿ ಹೇಳಿದ. ಸಿಮಿಗೆ ಆಗ ಅರ್ಥವಾಯಿತು. ಇಪ್ಪತ್ತು ವರ್ಷ ಆ ಮೃದು ದನಿಯ ಜೊತೆ ಸಂಸಾರ ಮಾಡಿದವಳು ಅವಳು. ಅವನು ಸಾಕ್ಷಿಗಳನ್ನು ಕಟ್ಟಿಕೊಳ್ಳುತ್ತಿದ್ದ. ಇಂದು ಪತ್ರ ಕೊಡುತ್ತಾನೆ. ನಾಳೆ ಅವಳು ಇನ್ನೊಂದು ಮನೆಗೆ ಕಾಲಿಡುವ ದಿನ, ಅಂದು ನನ್ನ ಕೈ ತಿರುಚಿ ಬರೆಸಿಕೊಂಡರು, ಬೇಕಾದರೆ ಇವರನ್ನೆಲ್ಲ ಕೇಳಿ, ಎಂದು ಬಾಯಿ ತೆರೆಯುತ್ತಾನೆ. ತೆರೆಯದಿದ್ದರೂ, ತೆರೆಯಬಹುದು ಎಂಬ ಹೆದರಿಕೆಯಲ್ಲಿ ಅವಳನ್ನಿಟ್ಟಿರುತ್ತಾನೆ. ಗೇಟಿನ ಬೀಗದ ಕೈ ಮತ್ತೆ ಅವನ ಜೇಬಿಗೇ ಹೋಗುತ್ತದೆ.

"ಇವತ್ತು ಬೇಡ" ಎಂದಳು ಸಿಮಿ.

"ಏನು?"

"ಇವತ್ತು ನಿಮ್ಮ ಕೈಯಿಂದ ನಾನು ಏನೂ ತಗೊಳ್ಳಲ್ಲ. ನಿಮ್ಮ ಮಗಳ ಮದುವೆ ಇದೆ, ಕೂತು ನೋಡಿ. ಕೊಡ್ತೀನಿ ಅಂತ ನೀವಾಗೇ ಹೇಳಿದೀರಿ, ಎಲ್ಲರೂ ಕೇಳಿಸ್ಕೊಂಡಿದಾರೆ. ಯಾರೂ ಕೇಳದೇ ಇದ್ದಾಗ, ಯಾವ ಒತ್ತಡವೂ ಇಲ್ಲದಾಗ ಬಂದು ಕೊಡಿ."

ಜಾಕೋನ ಮುಖದಲ್ಲಿದ್ದ ನಗು ಹೋಗಲಿಲ್ಲ, ಆದರೆ ಅಲ್ಲಿ ಅದಕ್ಕೆ ಕೆಲಸವಿಲ್ಲದಂತಾಯಿತು. ಸಿಮಿ ತಿರುಗಿ ಮಗಳ ಕೋಣೆಯ ಕಡೆ ನಡೆದಳು. ಎರಡು ತಾಸಿನ ಬಿಡುಗಡೆಯನ್ನು ತಾನೇ ಒದ್ದು ಬಂದೆನೇನೋ, ಇನ್ನು ಅದು ಮತ್ತೆ ಬರುವುದೇ ಇಲ್ಲವೇನೋ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಮಗಳ ಬಾಗಿಲು ತೆರೆಯಲು ಹೊತ್ತು ಹಿಡಿಯಿತು. ಪೆರ್ಲಾ ಬಿಳಿ ಉಡುಪಿನಲ್ಲಿ ಕುರ್ಚಿಯ ಅಂಚಿಗೆ ಕೂತಿದ್ದಳು. ಕಣ್ಣ ಕಾಡಿಗೆ ಹರಿದಿರಲಿಲ್ಲ, ಅತ್ತಿರಲಿಲ್ಲ ಅವಳು.

"ಕೊಟ್ನಾ?"

"ನಾನು ಬೇಡ ಅಂದೆ."

"ಅಮ್ಮಾ, ನಿನಗೆ ತಲೆ ನೆಟ್ಟಗಿದೆಯಾ? ಇದಕ್ಕಿಂತ ಒಳ್ಳೆ ದಿನ ಎಲ್ಲಿ ಸಿಗುತ್ತೆ ನಿನಗೆ? ಒಂದು ತಿಂಗಳಿಂದ ಯೋಚಿಸಿ ಮಾಡಿದ್ದು ನಾನು."

"ಒಂದು ತಿಂಗಳಿಂದ ನನಗೆ ಹೇಳದೇ ಇಟ್ಕೊಂಡಿದ್ದೆಯಲ್ಲ, ಅದಕ್ಕೆ ಆಮೇಲೆ ವಿಚಾರಿಸ್ಕೊಳ್ತೀನಿ." ಸಿಮಿ ಮಗಳ ಎದುರು ನೆಲದ ಮೇಲೆ ಕೂತಳು. ರಬ್ಬಿಗಳು ಹೇಳಿದ್ದನ್ನೂ ತಾನು ಕಂಡದ್ದನ್ನೂ ಹೇಳಿದಳು. "ನೀನು ಬಾಗಿಲು ಹಾಕಿದ್ದು ನನಗೋಸ್ಕರ, ಗೊತ್ತು. ಆದರೆ ಹೀಗೆ ಬಂದ ಪತ್ರ ಅವನು ಉಫ್ ಅಂದರೆ ಹಾರಿಹೋಗುತ್ತೆ ಕಣೇ. ನನ್ನ ಬಿಡುಗಡೆನ ನಿನ್ನ ಮದುವೆಗೆ ಗಂಟು ಹಾಕಬೇಡ. ಎರಡೂ ಹಾಳಾಗುತ್ತೆ."

ಹೊರಗೆ ಯಾರೋ ಎರಡು ಸಲ ಬಾಗಿಲು ತಟ್ಟಿದರು.

"ನನಗೆ ಹೆದರಿಕೆ ಅಮ್ಮಾ" ಎಂದಳು ಪೆರ್ಲಾ. "ಆ ಮೇಲ್ಕಟ್ಟಿನ ಕೆಳಗೆ ಒಂದು ಸಲ ಉಂಗುರ ಹಾಕಿಸ್ಕೊಂಡೆ ಅಂದರೆ, ಬಿಚ್ಚೋ ಅಧಿಕಾರ ರೂಬೆಮ್ ಕೈಲಿರುತ್ತೆ. ಅವನು ಒಳ್ಳೆಯವನು. ಅಪ್ಪನೂ ಮದುವೆ ದಿನ ಒಳ್ಳೆಯವನೇ ಆಗಿದ್ದ ಅಂತ ನೀನೇ ಹೇಳಿದೀಯ."

ಸಿಮಿ ಎದ್ದು ಬಾಗಿಲು ತೆಗೆದು, "ರೂಬೆಮ್‌ನ ಕರೀರಿ. ಚಿಕ್ಕ ರಬ್ಬಿಗಳನ್ನೂ" ಎಂದಳು.

ಮದುಮಗ ಬಂದು ಹೊಸ್ತಿಲಲ್ಲಿ ನಿಂತ. ಅವನ ಹಿಂದೆಯೇ ಚಿಕ್ಕ ರಬ್ಬಿಗಳು, ದೋನಾ ಕ್ಲಾರಾ. ಪೆರ್ಲಾ ತನ್ನ ಹೆದರಿಕೆಯನ್ನು ಅವನಿಗೂ ಹೇಳಿದಳು. ಇಂಥದಕ್ಕೆ ಈಗ ದೊಡ್ಡ ಊರುಗಳಲ್ಲಿ ಮದುವೆಗೆ ಮೊದಲೇ ಒಪ್ಪಂದ ಮಾಡಿಕೊಳ್ಳುತ್ತಾರೆ, ಮುಂದೆ ಎಂದಾದರೂ ಬೇರೆಯಾದರೆ ಗಂಡ ಪತ್ರ ತಡೆಹಿಡಿಯುವಂತಿಲ್ಲ ಎಂದು ವಿವರಿಸಿದರು ಚಿಕ್ಕ ರಬ್ಬಿಗಳು. ಅದನ್ನು ಬರೆಯಲು ತಾನು ಸಿದ್ಧ ಎಂದೂ ಸೇರಿಸಿದರು.

"ಮದುವೆ ದಿನವೇ ಬೇರೆಯಾಗೋ ಮಾತಾ?" ದೋನಾ ಕ್ಲಾರಾ ಎದೆ ಮೇಲೆ ಕೈಯಿಟ್ಟುಕೊಂಡಳು. "ರೂಬೆಮ್, ಇದಕ್ಕೆಲ್ಲ ನೀನು ರುಜು ಹಾಕಬೇಕಾಗಿಲ್ಲ. ಇವರ ಮನೆ ಗಂಡಸು ಮಾಡಿದ್ದಕ್ಕೆ ನೀನ್ಯಾಕೆ ದಂಡ ಕಟ್ತೀಯ?"

ರೂಬೆಮ್ ಪೆರ್ಲಾಳನ್ನೇ ನೋಡುತ್ತಿದ್ದ. ಈ ಹುಡುಗ ಈಗ ತಾಯಿಯ ಕಡೆ ತಿರುಗಿದರೆ ಎಲ್ಲ ಮುಗಿಯಿತು ಎಂದುಕೊಂಡಳು ಸಿಮಿ.

"ಅಮ್ಮಾ, ನಿನಗೆ ಸೆಕೆ ಆಗ್ತಿದೆ, ಹೋಗಿ ಕೂತ್ಕೊ" ಎಂದ ರೂಬೆಮ್. ಆಮೇಲೆ ರಬ್ಬಿಗಳ ಕಡೆ ತಿರುಗಿ, "ಬೇಗ ಬರೀರಿ. ಮೀನು ಆರಿಹೋಗುತ್ತೆ" ಎಂದ.

ಹೀಗೆ ಮದುವೆ ತಡವಾಗಿ ನಡೆಯಿತು. ಪ್ರಾರ್ಥನೆಯ ಶಾಲನ್ನು ಇಬ್ಬರ ತಲೆಯ ಮೇಲೂ ಹೊದಿಸಿದರು, ಏಳು ಆಶೀರ್ವಾದ ಹೇಳಿದರು, ರೂಬೆಮ್ ಗಾಜಿನ ಲೋಟ ತುಳಿದು ಒಡೆದ. ಮೇಲ್ಕಟ್ಟಿನ ಒಂದು ಪಕ್ಕ ಸಿಮಿ, ಇನ್ನೊಂದು ಪಕ್ಕ ಜಾಕೋ ನಿಂತಿದ್ದರು. ಅಪ್ಪ ನಿಲ್ಲುವುದು ಬೇಡ ಎಂದಿದ್ದಳು ಪೆರ್ಲಾ. ನಿಲ್ಲಲಿ ಎಂದಿದ್ದಳು ಸಿಮಿ. ಹಾಡು ಶುರುವಾದ ಮೇಲೆ ಅವಳು ಮಗಳ ಜೊತೆ ಕುಣಿದಳು. ಆದರೆ ಆ ಎರಡು ತಾಸಿನ ಮಾತು ತಲೆಯಿಂದ ಹೋಗಲಿಲ್ಲ.

ಜಾಕೋ ಮಾರನೆಯ ದಿನವೇ ಸಾಂತರೆಮಿಗೆ ಹೊರಟುಹೋದ. ವಾರ ಕಳೆಯಿತು, ತಿಂಗಳುಗಳು ಕಳೆದವು, ಸುದ್ದಿಯಿಲ್ಲ. "ಅವತ್ತೇ ತಗೋಬೇಕಿತ್ತು ನೀನು" ಎಂದು ಮೆಸ್ಸೋಡಿ ಬಾಯಿಬಿಟ್ಟೇ ಹೇಳಿದಳು. ಸಿಮಿ ವ್ಯಾನು ಓಡಿಸಿದಳು. ಕೆಲವು ಬೆಳಗು ಕೆಂಪು ದೀಪದ ಮುಂದೆ ನಿಂತಾಗ ತನಗೆ ತಾನೇ ಅದನ್ನೇ ಹೇಳಿಕೊಂಡದ್ದೂ ಉಂಟು.

ಆ ವರ್ಷದ ಕಿಪ್ಪೂರ್ ಬಂತು. ಉಪವಾಸವಿದ್ದು ವರ್ಷದ ತಪ್ಪುಗಳಿಗೆ ಕ್ಷಮೆ ಬೇಡುವ ಆ ದಿನಕ್ಕೆ ಮೇಲ್ನದಿಯ ಊರುಗಳ ಯಹೂದಿಗಳೆಲ್ಲ ಬೆಲೆಮಿಗೆ ಬರುತ್ತಾರೆ. ಜಾಕೋನೂ ಬಂದ. ಎಂದಿನಂತೆ ಎಲ್ಲರ ಕೈ ಕುಲುಕಲು ಕೈ ಚಾಚಿಕೊಂಡು ಸಿನಗಾಗಿಗೆ ನುಗ್ಗಿದ. ಗಂಡಸರು ಕಣ್ಣನ್ನು ಪ್ರಾರ್ಥನೆಯ ಪುಸ್ತಕಕ್ಕೆ ಇಳಿಸಿದರು. ಪ್ರತಿ ವರ್ಷ ಧರ್ಮಗ್ರಂಥ ಓದುವ ಗೌರವಕ್ಕೆ ಅವನನ್ನು ವೇದಿಕೆಗೆ ಕರೆಯುತ್ತಿದ್ದ ಬಾಲ್ಯದ ಗೆಳೆಯ ಎಲೀಸ್, ಗಂಡ ಹೆಂಡಿರ ಜಗಳ ನಮಗ್ಯಾಕೆ ಎನ್ನುತ್ತಿದ್ದವನು, ಈ ಸಲ ಕರೆಯಲಿಲ್ಲ. ಉಪವಾಸ ಬಿಡಲು ಯಾರೂ ಮನೆಗೆ ಬಾ ಎನ್ನಲಿಲ್ಲ.

ಎರಡು ದಿನ ಬಿಟ್ಟು, ಮಕ್ಕಳನ್ನು ಇಳಿಸಿ ಬಂದ ಸಿಮಿ ವ್ಯಾನು ತೊಳೆಯುತ್ತಿದ್ದಾಗ ಜಾಕೋ ಗೇಟಿನ ಬಳಿ ಬಂದು ನಿಂತ.

"ಎಲ್ಲರಿಗೂ ನೀನೇ ಹೇಳಿಕೊಟ್ಟಿದೀಯ."

"ನಾನು ಯಾರಿಗೂ ಏನೂ ಹೇಳಿಲ್ಲ. ಕೊಡ್ತೀನಿ ಅಂತ ಅವತ್ತು ನೀವು ಅಷ್ಟು ಜನರ ಎದುರು ಎದ್ದು ನಿಂತು ಹೇಳಿದ್ರಿ. ಅವರು ಕಾಯ್ತಿದಾರೆ, ಅಷ್ಟೆ."

"ನಾನು ಎಲೀಸ್ ಜೊತೆ ಒಂದೇ ಬೆಂಚಲ್ಲಿ ಕೂತು ಓದಿದವನು. ಮುಖ ತಿರುಗಿಸ್ಕೊಂಡ ಅವನು."

ಸಿಮಿ ನಲ್ಲಿ ನಿಲ್ಲಿಸಿದಳು. ಗೇಟು ತೆರೆಯಲಿಲ್ಲ. ಅವನಿಗೆ ವಯಸ್ಸಾದಂತೆ ಕಂಡಿತು. ಅಯ್ಯೋ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಪೆರ್ಲಾ ಬಸುರಿ ಅಂತೆ" ಎಂದ ಅವನು. "ಗಂಡಾದರೆ ಸುನ್ನತಿ ದಿನ ಮಗೂನ ನನ್ನ ತೊಡೆ ಮೇಲೆ ಇಡ್ತಾರಾ?"

"ಅದನ್ನ ಪೆರ್ಲಾನ ಕೇಳಿ. ಅದಕ್ಕೂ ಪತ್ರಕ್ಕೂ ನಾನು ಗಂಟು ಹಾಕಲ್ಲ."

ಅವಳು ಇನ್ನೇನಾದರೂ ಹೇಳುತ್ತಾಳೆಂದು ಅವನು ಕಾದು ನಿಂತ. ಅವಳು ಮತ್ತೆ ನಲ್ಲಿ ಬಿಟ್ಟಳು.

ವಾರದೊಳಗೆ, ಸುಕ್ಕೋತ್ ಹಬ್ಬದ ಗರಿ ಚಪ್ಪರ ಹಾಕುವ ಹೊತ್ತಿಗೆ, ಜಾಕೋ ತಾನಾಗಿ ರಬ್ಬಿ ಸೆರ್ಫಾತಿಯವರ ಕೋಣೆಗೆ ಹೋದ. ಸಾವೊ ಪೌಲೊದವರು ಮತ್ತೆ ವಿಮಾನ ಹತ್ತಿ ಬಂದರು. ಪತ್ರದಲ್ಲಿ ಊರಿನ ಹೆಸರಿನ ಜೊತೆ ಊರು ಯಾವ ನೀರಿನ ದಡದಲ್ಲಿದೆ ಎಂಬುದೂ ಇರಬೇಕು. ಬರೆಯುವವರು ಗ್ವಾಮಾ ನದಿಯ ಹೆಸರನ್ನು ಎರಡು ಸಲ ಉಚ್ಚರಿಸಿ ಕೇಳಿಕೊಂಡು ಬರೆದರು. ಸ್ವಂತ ಮನಸ್ಸಿನಿಂದಲೇ ಕೊಡುತ್ತೀಯಾ, ಯಾರ ಒತ್ತಾಯವೂ ಇಲ್ಲವೇ ಎಂದು ಮೂವರೂ ಬೇರೆ ಬೇರೆಯಾಗಿ ಕೇಳಿದರು. ದೊಡ್ಡ ರಬ್ಬಿಗಳು ಮದುವೆಯ ದಿನದ ಮಾತನ್ನೂ ಎತ್ತಿ ಕೇಳಿದರು. ಮುಖ ತೋರಿಸಲು ನಾಚಿಕೆ ಆಯಿತು, ಅದು ನನ್ನದೇ ನಾಚಿಕೆ, ಯಾರೂ ಹಾಕಿದ್ದಲ್ಲ ಎಂದ ಜಾಕೋ. ಈ ಸಲ ನಗಲಿಲ್ಲ.

ಸಿಮಿ ಎರಡೂ ಕೈ ಬೊಗಸೆ ಮಾಡಿ ಹಿಡಿದಳು. ಮಡಿಸಿದ ಪತ್ರ ಅದರೊಳಗೆ ಬಿತ್ತು. ಬೆರಳು ಮುಚ್ಚಿ, ಅದನ್ನು ಕಂಕುಳಲ್ಲಿರಿಸಿಕೊಂಡು, ಹೇಳಿಕೊಟ್ಟಂತೆ ಬಾಗಿಲವರೆಗೆ ನಡೆದು ತಿರುಗಿ ಬಂದಳು. ಅಳು ಬರುತ್ತದೆಂದು ಹೆದರಿದ್ದಳು. ಬರಲಿಲ್ಲ. ಕೈ ಮಾತ್ರ ಬಹಳ ಹೊತ್ತು ಬಿಸಿಯಾಗಿತ್ತು.

"ದೋನಾ ಸಿಮಿ, ಇನ್ನು ಮೂರು ತಿಂಗಳು ನೀವು ಮದುವೆಯಾಗೋ ಹಾಗಿಲ್ಲ, ನಿಯಮ" ಎಂದರು ರಬ್ಬಿ ಸೆರ್ಫಾತಿ.

"ನಾನು ಯಾರನ್ನೂ ಆಗೋ ಯೋಚನೆಯಲ್ಲಿಲ್ಲ ರಬ್ಬಿಗಳೇ."

"ಆದರೂ ನಿಯಮ."

"ಆಗಲಿ. ಮೂರು ತಿಂಗಳು ನಿಯಮಕ್ಕೋಸ್ಕರ ಆಗಲ್ಲ" ಎಂದಳು ಸಿಮಿ. "ಅದಾದ ಮೇಲೆ ನನ್ನ ಇಷ್ಟಕ್ಕೋಸ್ಕರ ಆಗಲ್ಲ."

ರಬ್ಬಿಗಳು ನಕ್ಕರು. ಶಾಲೆ ಬಿಡುವ ಹೊತ್ತಾಗಿತ್ತು. ಅವಳು ಮೆಟ್ಟಿಲಿಳಿದು ಹೋದಳು.