ಮಾವನ ಗಾಡಿಯ ಹಿಂದೆ ನಿಂತು

ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯ ಗದ್ದಲದಲ್ಲಿ ನಾನು ಕೂತಿದ್ದ ಆಟೊ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಡ್ರೈವರು ಹಿಂದಿನ ಮುಚ್ಚಳ ತೆಗೆದದ್ದೇ ತಡ, ಸುಟ್ಟ ವೈರಿನ ವಾಸನೆ ಬಂತು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನೋ, ನಾಚಿಕೆ ಬಿಟ್ಟು ಒಂದು ಸಲ ಜೋರಾಗಿ ಉಸಿರೆಳೆದುಕೊಂಡೆ. ನಗಬೇಡಿ, ಆ ವಾಸನೆ ಬಂದರೆ ನನಗೆ ನನ್ನ ಮಾವ ಎದುರಿಗೆ ಬಂದು ನಿಂತಂತಾಗುತ್ತದೆ.

ಮಾವ ಎಂದರೆ ನನ್ನ ಗಂಡನ ತಂದೆ. ಊರು ಕಮಲಾಪುರ. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದ ಮರುವರ್ಷ ಯಾವುದೋ ಹರಾಜಿನಲ್ಲಿ ಮಿಲಿಟರಿಯ ಹಳೇ ಪಿಕಪ್ಪೊಂದನ್ನು ಹಿಡಿದು ತಂದಿದ್ದರು. ನಮ್ಮೂರಿನ ಕೆಂಪು ಬಾಳೆಗೊನೆ ಎತ್ತಿನ ಗಾಡಿಯಲ್ಲಿ ಕುಲುಕಿ ಕುಲುಕಿ ಕಲಬುರಗಿ ಮುಟ್ಟುವಷ್ಟರಲ್ಲಿ ಕಪ್ಪಾಗುತ್ತಿತ್ತು. ಈ ಪಿಕಪ್ಪು ಬಂದ ಮೇಲೆ ಗೊನೆಗಳು ಮೈ ಕೆಡಿಸಿಕೊಳ್ಳದೆ ಪೇಟೆ ಸೇರುತ್ತಿದ್ದವು. ಮಾವನಿಗೆ ಹೆಣ್ಣುಮಕ್ಕಳಿರಲಿಲ್ಲ. ಗಾಡಿಯನ್ನೇ "ನನ್ನ ಮಗಳು" ಅನ್ನುತ್ತಿದ್ದರು. ಬೆಳಿಗ್ಗೆ ಅದು ಏಳದಿದ್ದರೆ ಬಾನೆಟ್ಟಿನ ಮೇಲೆ ಕೈಯಾಡಿಸುತ್ತ "ಏಳವ್ವಾ, ಹೊತ್ತಾಗ್ಯಾದ" ಎಂದು ಪುಸಲಾಯಿಸುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಅದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಯಾಕೆಂದರೆ ಆ ಮನೆಗೆ ಬಂದು ಎರಡು ವರ್ಷವಾದರೂ ಅವರು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

ಸಿಟ್ಟಿನಿಂದಲ್ಲ. ಆಗಿನ ರಿವಾಜು ಹಾಗಿತ್ತು. ಸೊಸೆ ಮಾವನೆದುರು ಬಾಯಿ ತೆರೆಯಬಾರದು, ಮಾವ ಸೊಸೆಯನ್ನು ನೇರವಾಗಿ ಕರೆಯಬಾರದು. ನೀರು ಬೇಕಾದರೆ ಅವರು ಗೋಡೆಗೆ ಹೇಳುತ್ತಿದ್ದರು. ಚಹಾ ಆಗಿದ್ದರೆ ನಾನು ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡುತ್ತಿದ್ದೆ. ಒಂದು ಸದ್ದಿಗೆ ಚಹಾ, ಎರಡಕ್ಕೆ ಊಟ. ತವರಿನಲ್ಲಿ ನನಗೆ ವಾಚಾಳಿ ಎಂದೇ ಹೆಸರು. ಎರಡು ವರ್ಷದ ಮಾತೆಲ್ಲ ಗಂಟಲಲ್ಲೇ ಕೂತು ನನಗೆ ಅಜೀರ್ಣವಾಗಿತ್ತು ಅಂದರೂ ಸುಳ್ಳಲ್ಲ.

ಹೊಸ ಸರ್ಕಾರ ಬಂದ ಮೇಲೆ ಹೊಸ ಕಾನೂನು ಬಂತು. ಗಾಡಿಯನ್ನು ಕಲಬುರಗಿಗೆ ಒಯ್ದು ಪಾಸಿಂಗ್ ಮಾಡಿಸಬೇಕು, ಅಂದರೆ ಸಾಹೇಬರು ತಪಾಸಣೆ ಮಾಡಿ ಓಡಿಸಲು ಯೋಗ್ಯ ಎಂದು ಬರೆದುಕೊಡಬೇಕು. ಬ್ರೇಕು ಒತ್ತಿದರೆ ಹಿಂದೆ ಕೆಂಪು ದೀಪ ಹತ್ತಬೇಕು, ತಿರುಗುವ ಕಡೆಯ ದೀಪ ಬೇರೆಯಾಗಿ ಹತ್ತಬೇಕು. ನಮ್ಮ ಗಾಡಿ ಒಮ್ಮೆ ಫೇಲಾಗಿ ಬಂದಿತ್ತು. ಈ ಸಲವೂ ಆಗದಿದ್ದರೆ ಪರ್ಮಿಟ್ ರದ್ದು ಎಂದಿದ್ದರು. ಮಾವ ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ನಾಳೆ ಪಾಸಿಂಗ್ ಎನ್ನುವಾಗ ನನ್ನ ಗಂಡ ಕಾಗದಪತ್ರ ಕೊಡಲು ಮುಂಚೆಯೇ ಕಲಬುರಗಿಗೆ ಹೋಗಿದ್ದರು. ದೀಪ ನೋಡಲು ಗಾಡಿಯ ಹಿಂದೆ ಒಬ್ಬರು ನಿಲ್ಲಬೇಕಲ್ಲ! ಅತ್ತೆಗೆ ಕಣ್ಣಿನಲ್ಲಿ ಪೊರೆ. ಕಟ್ಟೆಯ ಮೇಲೆ ಕೂತು ಅವರೇ ತೀರ್ಪು ಕೊಟ್ಟರು: "ಅಕಿ ನಿಲ್ಲಲಿ. ಹತ್ತಿದ್ರ ಒಮ್ಮೆ ಗಾಡಿ ತಗಡು ಬಡೀಲಿ, ಹತ್ತದಿದ್ರ ಎರಡ ಸಲ ಬಡೀಲಿ. ಮಾತಾಡೂದೇನ ಬ್ಯಾಡ."

ನಾನು ಸೆರಗು ಹೊದ್ದು ಹಿಂದೆ ನಿಂತೆ. ಮಾವ ಬ್ರೇಕು ಒತ್ತಿದರು. ಕೆಂಪು ದೀಪ ಹತ್ತಿತು. ಖುಷಿಯಿಂದ ಒಂದು ಏಟು ಹಾಕಿದೆ. ಆರಿಹೋಯಿತು! ಗಾಬರಿಯಾಗಿ ಎರಡು ಏಟು ಹಾಕಿದೆ. ಹತ್ತಿತು! ಮತ್ತೆ ಒಂದು ಏಟು. ಈಗ ಕೆಂಪು ದೀಪ ಸತ್ತು, ಯಾರೂ ಕೇಳದ ಎಡಗಡೆಯ ತಿರುವಿನ ದೀಪ ಮಂಕಾಗಿ ಕಣ್ಣು ಬಿಟ್ಟಿತು. ಅದಕ್ಕೆ ಎಷ್ಟು ಏಟು ಎಂದು ಅತ್ತೆ ಹೇಳಿಕೊಟ್ಟಿರಲಿಲ್ಲ.

ಮಾವ ಇಳಿದು ಬಲ್ಬು ಬದಲಿಸಿದರು. ಬ್ರೇಕಿನ ಸ್ವಿಚ್ಚು ಬಿಚ್ಚಿ ಉಜ್ಜಿದರು. ವೈರುಗಳನ್ನು ಬೇರೆ ಬೇರೆ ಮಾಡಿ ಕಟ್ಟುವಾಗ ಒಂದು ವೈರು ಹೊಗೆಯಾಡಿ ಸುಟ್ಟ ವಾಸನೆ ಎದ್ದಿತು. ಪ್ರತಿ ಸಲವೂ ನನ್ನ ತಗಡಿನ ಉತ್ತರ ಅದೇ: ಒಂದು, ಎರಡು, ಒಂದು. ಹೊತ್ತು ಇಳಿಯುತ್ತಿತ್ತು. ಕೊನೆಗೆ ಅವರು ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟು ನೆಲದ ಮೇಲೆ ಕೂತರು. "ಮುಗೀತು ಬಿಡು. ನನ್ನ ಮಗಳನ್ನ ಗುಜರಿಗಿ ಹಾಕೂದ ಖರೇ," ಎಂದು ಅತ್ತೆಗೆ ಹೇಳಿದರು. ದನಿ ಒಡೆದಿತ್ತು.

ನನಗೆ ತಡೆಯಲಾಗಲಿಲ್ಲ. ಗೊತ್ತಿದ್ದದ್ದನ್ನು ಬಾಯಲ್ಲಿಟ್ಟುಕೊಂಡು ಆ ಮುದುಕ ಅಳುವುದನ್ನು ನೋಡುವುದು ಪಾಪ ಅನ್ನಿಸಿತು.

"ಮಾವಾರೀ! ಬಲ್ಬಿಂದಲ್ರಿ, ವೈರಿಂದಲ್ರಿ! ನಾ ತಗಡ ಬಡದ್ರ ದೀಪ ಹೋಗ್ತದ್ರಿ, ಮತ್ತ ಬಡದ್ರ ಬರ್ತದ್ರಿ! ದೀಪದ ಡಬ್ಬೀನ ಸಡಲ ಆಗ್ಯಾದ್ರಿ!"

ಕಟ್ಟೆಯ ಮೇಲೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಮಾವ ಎದ್ದು ಬಂದು, ನನ್ನ ಕಡೆ ನೋಡದೆ, ದೀಪದ ಡಬ್ಬಿಯನ್ನು ಅಲುಗಿಸಿದರು. ಅದನ್ನು ಗಾಡಿಯ ಮೈಗೆ ಬಿಗಿದ ಬೋಲ್ಟಿಗೆ ತುಕ್ಕು ಹಿಡಿದಿತ್ತು. ಕರೆಂಟು ವೈರಿನಲ್ಲಿ ಬಂದು ಗಾಡಿಯ ಮೈಯಲ್ಲಿ ಮರಳಬೇಕಂತೆ. ತುಕ್ಕು ಅದರ ದಾರಿ ಕಟ್ಟಿದ್ದರಿಂದ ಕರೆಂಟು ಪಕ್ಕದ ದೀಪದೊಳಗೆ ನುಗ್ಗುತ್ತಿತ್ತು. ಉಪ್ಪುಕಾಗದದಿಂದ ತಿಕ್ಕಿ ಬೋಲ್ಟು ಬಿಗಿದರು. ಹತ್ತು ನಿಮಿಷದ ಕೆಲಸ.

ಮರುದಿನ ಮಾವ ಅತ್ತೆಗೆ ಅಂದರು: "ಸೊಸೀನೂ ಗಾಡ್ಯಾಗ ಬರ್ಲಿ." ಕಲಬುರಗಿಯ ಕಚೇರಿಯ ಅಂಗಳದಲ್ಲಿ ಸಾಹೇಬರು ಮುಂದೆ ನಿಂತು "ಹಿಂದ ಯಾರರೆ ನೋಡ್ರಿ" ಎಂದಾಗ ನಾಲ್ಕು ಜನ ಗಂಡಸರು ಮುಂದೆ ಬಂದರು, ನನ್ನ ಗಂಡನೂ ಸೇರಿ. ಮಾವ ಕಿಟಕಿಯಿಂದ ತಲೆ ಹೊರಹಾಕಿ ಎಲ್ಲರನ್ನೂ ಸರಿಸಿದರು.

"ನೀವ್ ಬ್ಯಾಡ್ರೋ. ಯವ್ವಾ, ನೀ ಹೇಳು. ಹತ್ತ್ಯಾದೇನ?"

ಎರಡು ವರ್ಷದ ದನಿಯೆಲ್ಲ ಒಟ್ಟಿಗೆ ಹೊರಬಂತು. "ಹತ್ತ್ಯಾದ್ರೀ ಮಾವಾ!" ಸಾಹೇಬರು ಬೆಚ್ಚಿ ಪೆನ್ನು ಬೀಳಿಸಿದರು. ಗಾಡಿ ಪಾಸಾಯಿತು. ಆ ದಿನದಿಂದ ಮಾವ ಸಾಯುವತನಕ ನಾವಿಬ್ಬರೂ ಮಾತಾಡಿದ್ದೇ ಮಾತಾಡಿದ್ದು.

ಇಷ್ಟು ಬರೆದು ಪೆನ್ನು ನಿಲ್ಲಿಸಿದೆ. ನನ್ನ ಸೊಸೆ ಈ ಮನೆಗೆ ಬಂದು ವರ್ಷವಾಯಿತು. ಇವತ್ತಿಗೂ ನನಗೆ ಏನಾದರೂ ಹೇಳಬೇಕಾದರೆ ಮಗನ ಕೈಯಲ್ಲಿ ಹೇಳಿಸುತ್ತಾಳೆ. ಯಾವ ರಿವಾಜೂ ಅವಳ ಬಾಯಿ ಕಟ್ಟಿಲ್ಲ. ಕಟ್ಟಿದವಳು ನಾನೇ ಇರಬೇಕು. ಎದ್ದು ಅಡುಗೆಮನೆಗೆ ಹೋದೆ.

"ನಿನ್ನೆ ನಾ ಮಾಡಿದ ಸಾರು ಹ್ಯಾಂಗಿತ್ತವ್ವಾ? ಖರೇ ಹೇಳು."

ಅವಳು ಬಾಗಿಲ ಕಡೆ ನೋಡಿದಳು. ಮಗ ಮನೆಯಲ್ಲಿರಲಿಲ್ಲ.

"ಉಪ್ಪು ಹೆಚ್ಚಾಗಿತ್ರಿ ಅತ್ತಿ," ಎಂದಳು. ಆಮೇಲೆ ಜೋರಾಗಿಯೇ: "ದಿನಾ ಹೆಚ್ಚಾಗ್ತದ್ರಿ!"