ಕಟಾವಾದ ತೋಟದಲ್ಲಿ ಕಪ್ಪು ಮದುವೆ

ನನ್ನ ಮದುವೆ ಕಪ್ಪು ಬಟ್ಟೆಯಲ್ಲಿ ಆಯಿತು ಎಂದರೆ ಜನ ಮೊದಲು ನನ್ನ ತಲೆ ನೆಟ್ಟಗಿದೆಯೇ ಎಂದು ನೋಡುತ್ತಾರೆ. ನೆಟ್ಟಗೇ ಇತ್ತು. ಅಷ್ಟು ಯೋಚಿಸಿ ನಾನು ಬೇರಾವ ಕೆಲಸವನ್ನೂ ಮಾಡಿಲ್ಲ.

ಆಗ ನಾನು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಟೈಲರ್. ನಮ್ಮ ಲೈನಿನಲ್ಲಿ ಅರ್ಧಕ್ಕರ್ಧ ನನ್ನಂತೆ ಆಂಧ್ರದ ಗಡಿಯ ಮಡಕಶಿರ, ರೊಳ್ಳದ ಕಡೆಯ ಹುಡುಗಿಯರೇ. ಒಮ್ಮೆ ಹೊರದೇಶದ ಆರ್ಡರು ಬಂತು, ಕಪ್ಪು ಲೇಸಿನ ಉದ್ದನೆಯ ಗೌನುಗಳು. ಸ್ಯಾಂಪಲ್ ಜೊತೆಗಿದ್ದ ಫೋಟೊದಲ್ಲಿ ಎಲೆಯಿಲ್ಲದ ಗಿಡಗಳ ತೋಟ, ಕಪ್ಪು ಮೇಣದಬತ್ತಿ, ಕಪ್ಪುಟ್ಟ ಮದುಮಗಳು, ಕಪ್ಪುಟ್ಟ ನೆಂಟರು. "ಇದಕ್ಕೆ ಗಾಥಿಕ್ ಮದುವೆ ಅಂತಾರೆ" ಎಂದರು ಸ್ಯಾಂಪಲ್ ರೂಮಿನ ಮೇಡಂ. "ಥೂ, ಸತ್ತೋರ ಮನೆ ಇದ್ದಂಗೈತೆ" ಎಂದು ಲೈನೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ಫೋಟೊದಲ್ಲಿ ಯಾರು ಮುತ್ತೈದೆ, ಯಾರು ವಿಧವೆ ಎಂದು ಎಷ್ಟು ನೋಡಿದರೂ ಗೊತ್ತಾಗುತ್ತಿರಲಿಲ್ಲ.

ನನ್ನಮ್ಮ ವಿಧವೆ. ರೊಳ್ಳದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳ ಮೇಯಿಸಿ ಅಕ್ಕನನ್ನೂ ನನ್ನನ್ನೂ ಸಾಕಿದವಳು. ಅಕ್ಕನ ಮದುವೆಯ ದಿನ ಧಾರೆ ಎರೆಯಲು ಯಾರದೋ ಮನೆಯ ದಂಪತಿಗಳನ್ನು ಕೂರಿಸಿದರು. ತೆಂಗಿನಕಾಯಿಯ ಮೇಲೆ ತಾಳಿಯಿಟ್ಟ ತಟ್ಟೆ ಊರವರ ಕೈಯೆಲ್ಲ ಮುಟ್ಟಿಸಿಕೊಂಡು ಬಂತು, ಅಮ್ಮನ ಪಾಲಿಗೆ ಮಾತ್ರ ಬರಲಿಲ್ಲ. ಅವಳು ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತ ಕೂತಿದ್ದಳು. "ಹುಳಕ್ಕೆ ಹಸಿವು ಕಣೆ, ಬಿಟ್ಟು ಬರಕಾಗುತ್ತಾ?" ಎಂದಳು. ಹುಳ ಆಗಷ್ಟೇ ತಿಂದು ಮಲಗಿದ್ದವು. ನನ್ನ ಮದುವೆಯಲ್ಲಿ ಧಾರೆ ಎರೆಯುವವಳು ಅಮ್ಮನೇ, ಇಲ್ಲವಾದರೆ ಮದುವೆಯೇ ಬೇಡ ಎಂದು ಅಂದೇ ತೀರ್ಮಾನಿಸಿದೆ.

ಗಂಡು ರಾಯದುರ್ಗದ ಕಡೆಯವನು. ಮನೆಯಲ್ಲಿ ಕುರಿ ಹಿಂಡು, ಇವನು ನಮ್ಮ ಫ್ಯಾಕ್ಟರಿಯಲ್ಲಿ ಕಟಿಂಗ್ ಮಾಸ್ಟರ್. ನಾನು ಫೋಟೊ ತೋರಿಸಿ ನನ್ನ ಯೋಚನೆ ಹೇಳಿದಾಗ, "ನಿನಗ ಹೆಂಗ ಬೇಕೋ ಹಂಗ" ಎಂದ. ಅಷ್ಟು ಒಳ್ಳೆಯ ಗಂಡಸು ನಮ್ಮ ಜಿಲ್ಲೆಯಲ್ಲೇ ಇಲ್ಲವೆಂದು ನಾನು ಲೈನಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಮಾತುಕತೆಗೆ ಅವನ ತಾಯಿ ನಮ್ಮೂರಿಗೆ ಬಂದರು. ಇನ್ನು ಮುಂದೆ ಅತ್ತೆ ಎನ್ನುತ್ತೇನೆ. ಮದುವೆಗೆ ಕಪ್ಪು ಎಂದರೆ ಊರೆಲ್ಲ ಕೂಗಾಡುತ್ತದೆಂದು ನಾನು ಉತ್ತರ ಕಟ್ಟಿಟ್ಟುಕೊಂಡಿದ್ದೆ. "ತಾಳಿ ಜೊತೆ ಪೋಣಿಸೋ ಮಣಿ ಕರೀದೇ ಅಲ್ವಾ? ನಿಮ್ ಮನೇಲಿ ಮದುಮಕ್ಕಳನ್ನ ಕೂರ್ಸೋದು ಕರೀ ಕಂಬ್ಳಿ ಮ್ಯಾಲೆ ತಾನೆ?" ಎಂದೆ. ನಮ್ಮ ಕಡೆ ಚಾಪೆ ಹಾಸಿದರೆ ಮುಗಿಯಿತು, ಅವರಿಗೆ ತಮ್ಮ ಕುರಿಯ ಉಣ್ಣೆಯಲ್ಲಿ ನೇಯ್ದ ಕಂಬಳಿಯ ಗದ್ದಿಗೆಯೇ ಬೇಕು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೌದಲ್ಲವ್ವಾ. ಮಾಡ್ರಿ, ನಾವ್ಯಾಕ ಬ್ಯಾಡ ಅನ್ನೂಣು?" ಎಂದರು. ಅಮ್ಮನ ಕಡೆ ತಿರುಗಿ, "ನೀವ ಧಾರಿ ಎರೀರಿ ಬೀಗ್ತಿ" ಎಂದೂ ಸೇರಿಸಿದರು. ಅಮ್ಮ ಒಳಗೆ ಹೋಗಿ ಅತ್ತು ಬಂದಳು. ನಾನು ಗೆದ್ದೆ ಎಂದುಕೊಂಡೆ.

ಅಮ್ಮ ಗೂಡು ಮಾರಿ ತೋಟ ಕಟಾವು ಮಾಡಿಸಿದ ವಾರವನ್ನೇ ಹಿಡಿದೆ. ಎಲೆಯೆಲ್ಲ ಹೋಗಿ ಕರೀ ಮೋಟುಗಳು ನಿಂತಿದ್ದ ರೇಷ್ಮೆ ತೋಟ ಥೇಟ್ ಆ ಫೋಟೊದಂತೆಯೇ ಇತ್ತು. ಅದಕ್ಕಿಂತ ಮುಖ್ಯವಾಗಿ ಆ ವಾರ ಹುಳದ ಮನೆ ಖಾಲಿ, ಅಮ್ಮನಿಗೆ ಅಡಗಿ ಕೂರಲು ನೆಪವಿಲ್ಲ. ಮಡಕಶಿರದ ಅಂಗಡಿಗಳಲ್ಲಿ ಕಪ್ಪು ಮೇಣದಬತ್ತಿ ಸಿಗದೆ ಬಿಳಿಯವಕ್ಕೆ ಬಣ್ಣ ಬಳಿದೆ. ಕಪ್ಪು ಹೂವಿನ ಬದಲು ಚಪ್ಪರಕ್ಕೆ ಕಪ್ಪು ದ್ರಾಕ್ಷಿ ಗೊಂಚಲು ಕಟ್ಟಿಸಿದೆ. ಫ್ಯಾಕ್ಟರಿಯಲ್ಲಿ ಮಿಕ್ಕಿದ್ದ ಲೇಸಿನ ತುಂಡುಗಳನ್ನು ಕೇಳಿ ತಂದು ಅಮ್ಮನ ಕಪ್ಪು ಸೀರೆಗೂ ನನ್ನದಕ್ಕೂ ಒಂದೇ ಅಂಚು ಹೊಲಿದೆ. ಮದುಮಕ್ಕಳು ಕೂರಲು ಹೊಳೆಯುವ ಕಪ್ಪು ಸ್ಯಾಟಿನ್ ಹಾಸಿದೆ. ಬಂದವರೆಲ್ಲ ಒಂದೇ ಬಣ್ಣದಲ್ಲಿ ನಿಂತರೆ ಇವಳು ಮುಂದೆ ಬರಬಾರದು, ಅವಳು ಬರಬಹುದು ಎಂದು ಯಾರು ಬೆರಳು ತೋರಿಸುತ್ತಾರೆ?

ಪುರೋಹಿತರು ಬರಲೊಪ್ಪಲಿಲ್ಲ. ಸೋದರಮಾವ ಬಂದು, ಮೂಗು ಮುರಿದು, ದ್ರಾಕ್ಷಿಯೆಲ್ಲ ತಿಂದ. ರಾಯದುರ್ಗದವರು ಮಾತ್ರ ಹೇಳಿದಂತೆಯೇ ಕಪ್ಪುಟ್ಟು ಬಂದರು. ಅತ್ತೆ ಸ್ಯಾಟಿನ್ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ ನಕ್ಕರು. ಬಟ್ಟೆ ಮೆಚ್ಚಿದರೆಂದು ನಾನೂ ನಕ್ಕೆ. ಅಮ್ಮ ಧಾರೆ ಎರೆದಳು. ಅರ್ಧ ನೀರು ನನ್ನ ಮಡಿಲಿಗೇ ಬಿತ್ತು. ತಾಳಿಯ ತಟ್ಟೆ ಮೊದಲು ಅವಳ ಕೈಗೇ ಹೋಯಿತು. ನನ್ನ ಬದುಕಿನಲ್ಲಿ ಅಷ್ಟು ಸುಖದ ಗಳಿಗೆ ಮತ್ತೊಂದಿಲ್ಲ, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಮರುದಿನ ಹೆಣ್ಣು ಕಳಿಸಿಕೊಡಲು ಟೆಂಪೊದಲ್ಲಿ ಅಮ್ಮನೂ ರಾಯದುರ್ಗಕ್ಕೆ ಬಂದಳು, ಅದೇ ಕಪ್ಪು ಸೀರೆಯಲ್ಲಿ. ಇಳಿದರೆ ಅವರ ದೇವರ ಗುಡಿಯ ಮುಂದೆ ಹಸಿರು ಚಪ್ಪರ, ವಾಲಗ, ಕೆಂಪು ಹಳದಿ ಸೀರೆಯುಟ್ಟ ಹೆಂಗಸರ ದಂಡು. ನಡುವೆ ಕಂಬಳಿ ಹಾಸಿತ್ತು.

"ಇದೇನತ್ತೆ?" ಎಂದೆ.

"ಮದುವಿ" ಎಂದರು ಅತ್ತೆ. "ನಿನ್ನಿದು ಫೋಟೊಕ್ಕಲ್ಲೇನವ್ವಾ? ಕಂಬಳಿ ಹಾಸಿದ್ರೇನು? ಜಾರೋ ಬಟ್ಟಿ ಹಾಸಿದ್ರಿ. ಗದ್ದಿಗಿ ಇಲ್ಲದ ಮದುವಿ ನಮ್ಮ ಮನ್ಯಾಗ ಮದುವಿ ಅಲ್ಲ."

ನಾನೇ ಬಾಯಿಬಿಟ್ಟು ಹೇಳಿದ್ದ ಕಂಬಳಿಯನ್ನು ನಾನೇ ಮರೆತಿದ್ದೆ. ಕಪ್ಪು ಎಂದರೆ ಎಲ್ಲ ಕಪ್ಪೂ ಒಂದೇ ಎಂದುಕೊಂಡಿದ್ದೆ. ಸ್ಯಾಟಿನ್ ಮುಟ್ಟಿ ನೋಡಿದಾಗಲೇ ಅತ್ತೆಗೆ ತಮ್ಮ ದಾರಿ ಸಿಕ್ಕಿತ್ತು. ಅಲ್ಲ, ಚಪ್ಪರ ಒಂದು ರಾತ್ರಿಯಲ್ಲಿ ಹಾಕಿದ್ದಲ್ಲ. ದಾರಿ ಮೊದಲೇ ಇತ್ತು, ನಾನು ಅದಕ್ಕೆ ನೆಪ ಕೊಟ್ಟೆ.

ಗಂಡನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. "ಕೊಳ್ಳಾಗಿನ ದಾರ ತಗೀಬೇಕು" ಎಂದರು ಅತ್ತೆ. ತೆಗೆದವನು ಅವನೇ. ಎಷ್ಟೆಂದರೂ ಕಟಿಂಗ್ ಮಾಸ್ಟರ್, ಅಮ್ಮ ಮುಟ್ಟಿ ಕೊಟ್ಟಿದ್ದ ಅರಿಶಿನದ ದಾರವನ್ನು ನನ್ನ ಚರ್ಮಕ್ಕೆ ಕತ್ತರಿ ತಾಗದಂತೆ ಕತ್ತರಿಸಿದ.

ಅಮ್ಮ ನನ್ನ ಹಿಂದೆಯೇ ನಿಂತಿದ್ದಳು. ಅತ್ತೆ ಬಹಳ ಮರ್ಯಾದೆಯಿಂದ, "ನೀವು ಟೆಂಪೊದಾಗ ಲಗೇಜ್ ಹತ್ರ ಕುಂದರ್ರಿ ಬೀಗ್ತಿ. ಜನ ಭಾಳ ಐತಿ, ಸಾಮಾನು ಹೋದಾವು" ಎಂದರು. ಅಮ್ಮ ಹೋಗಿ ಕೂತಳು. ಕೆಂಪು ಹಳದಿಯ ನಡುವೆ ಅವಳೊಬ್ಬಳೇ ಕಪ್ಪಗೆ, ಊರಿನ ಯಾವ ಮೂಲೆಯಿಂದಲೂ ಕಾಣುವಂತೆ. ಮುಚ್ಚಲೆಂದು ಹೊಲಿದ ಸೀರೆ ಅವಳನ್ನು ಎತ್ತಿ ತೋರಿಸಿತು. ನಾನು ಎದ್ದು ಹೋಗಬೇಕಿತ್ತು ಎನ್ನುವವರು ಕಂಬಳಿಯ ಮೇಲೆ ಎರಡು ಭುಜಕ್ಕೂ ಒಬ್ಬೊಬ್ಬ ಹೆಂಗಸು ಕೈಯಿಟ್ಟು ಕೂರಿಸಿದ ಮೇಲೆ ಎದ್ದು ನೋಡಲಿ.

ಆಮೇಲೆ ರಾಯದುರ್ಗದಲ್ಲೇ ಜೀನ್ಸ್ ಹೊಲಿಯುತ್ತ ಸಂಸಾರ ಮಾಡಿದೆ. ಅತ್ತೆಗೆ ಊಟ ಬಡಿಸಿದೆ, ಕಾಲು ಒತ್ತಿದೆ. ಮರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಮಾವ ತೀರಿಕೊಂಡು ಅತ್ತೆಯೂ ವಿಧವೆಯಾದರು. ಮತ್ತೆ ಕೆಲ ಕಾಲಕ್ಕೆ ಮೈದುನನಿಗೆ ಹೆಣ್ಣು ಗೊತ್ತಾಯಿತು. ಧಾರೆಗೆ ಯಾವ ದಂಪತಿ, ತಟ್ಟೆ ಯಾರು ಹಿಡಿಯಬೇಕು ಎಂದು ನೆಂಟರು ಅತ್ತೆಯ ತಲೆಯ ಮೇಲಿಂದಲೇ ಮಾತಾಡಿಕೊಂಡರು.

ಅಂದು ಮಧ್ಯಾಹ್ನ ಅತ್ತೆ ನನ್ನ ಮಿಷನ್ ಪಕ್ಕ ಬಂದು ಕೂತರು. ಬಹಳ ಹೊತ್ತು ನೂಲಿನ ಉಂಡೆ ಉರುಳಿಸಿದರು.

"ನಿಮ್ಮ ತೋಟದಾಗ ಮಾಡಿದ್ರೆಲ್ಲಾ, ಆ ಕರೀ ಮದುವಿ" ಎಂದರು. "ಚಂದ ಇತ್ತವ್ವಾ. ಇವನಿಗೂ ಹಂಗ ಮಾಡೂಣೇನು? ನಾನೂ ಒಂದು ಕರೀ ಸೀರಿ ಉಟ್ಕೊಂಡು..."

ನಾನು ಮಿಷನ್ ನಿಲ್ಲಿಸಿದೆ. "ಮಾಡಾಣ ಬಿಡಿ ಅತ್ತೆ" ಎಂದೆ. "ಫೋಟೊಗೆ ನೀವೇ ಮುಂದೆ ನಿಂತ್ಕಳ್ಳಿ. ಆಮ್ಯಾಕೆ ಕಂಬ್ಳಿ ಹಾಸಿ ಮದುವೆ ಮಾಡ್ತಾರಲ್ಲ, ಅವಾಗ ಲಗೇಜ್ ತಾವ ಕೂತ್ಕಂಡ್ರಾಯ್ತು."

ಅತ್ತೆ ಎದ್ದು ಹೋದರು. ಉಂಡೆ ನೆಲದ ಮೇಲೆ ಬಿಚ್ಚಿಕೊಳ್ಳುತ್ತ ಹೋಯಿತು. ನಾನು ಪ್ಯಾಂಟಿನ ಹೊಲಿಗೆ ಮುಗಿಸಿ, ಅಮ್ಮನಿಗೆ ಫೋನು ಮಾಡಿ ನಡೆದಿದ್ದೆಲ್ಲ ಹೇಳಿದೆ. ಯಾರಿಗೂ ಕೆಟ್ಟ ಮಾತಾಡದ ನನ್ನಮ್ಮ ಬೈಯುತ್ತಾಳೆ, ಪಾಪ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಮುಖ ಎಂಗಾಯ್ತೆ ಆಯಮ್ಮಂದು?" ಎಂದಳು.

ಹೇಳಿದೆ.

"ಇನ್ನೊಂದ್ಸಲ ಹೇಳು" ಎಂದಳು.